ಹಣ್ಣಿನ ಸಕ್ಕರೆ

ಮೇ ತಿಂಗಳ ಹೈದರಾಬಾದಿನಲ್ಲೂ ನಮ್ಮ ಮೇಡಂ ಸೀರೆಯ ಮೇಲೊಂದು ಕಂದು ಸ್ವೆಟರ್ ಹಾಕಿಕೊಂಡೇ ಇರುತ್ತಿದ್ದರು. ಮೊಣಕೈ ಹತ್ತಿರ ಎಳೆ ಬಿಟ್ಟಲ್ಲಿ ನೀಲಿ ನೂಲಿನಿಂದ ಹೊಲಿದಿದ್ದರು. ಇಲಿಯ ಯಕೃತ್ತನ್ನು ಅರೆಯುವ ಕೆಲಸವೆಲ್ಲ ಲ್ಯಾಬಿನ ಶೀತಲ ಕೋಣೆಯಲ್ಲಿ. ಮತ್ತೆ ಮತ್ತೆ ಒಳಗೆ ಹೊರಗೆ ಓಡಾಡುವವರಿಗೆ ಪ್ರತಿ ಸಲ ಸ್ವೆಟರ್ ಬಿಚ್ಚಿ ಮತ್ತೆ ತೊಡುವುದೇ ಕಿರಿಕಿರಿ.

ನಾನು ಮೈಸೂರಿನಿಂದ ಅವರ ಬಳಿ ಪಿಎಚ್.ಡಿ. ಮಾಡಲು ಹೋದವಳು. ಅವರು ರಾಯಚೂರಿನ ಕಡೆಯವರು. ನಾವಿಬ್ಬರೇ ಇದ್ದಾಗ ಮಾತ್ರ ಕನ್ನಡ. ಮೊದಲ ದಿನ ನನ್ನ ಊಟದ ಡಬ್ಬಿ ನೋಡಿ, "ಇಷ್ಟ ಉಣ್ತೀಯೇನ?" ಎಂದರು. ಸಾಕು ಎಂದೆ. ಮತ್ತೆ ಕೇಳಲಿಲ್ಲ. ಯಾರಿಗೂ ಇನ್ನೊಂದು ತುತ್ತು ಎಂದು ಒತ್ತಾಯ ಮಾಡಿದವರಲ್ಲ. ಅವರ ಊರಿನ ಕಡೆ ಅಂಥವರು ಅಪರೂಪ ಎಂಬುದು ನನಗೆ ಆಮೇಲೆ ತಿಳಿಯಿತು.

ಸಕ್ಕರೆಯನ್ನು ಹಿಡಿದು ಕೆಲಸಕ್ಕೆ ಹಚ್ಚುವ ಕಿಣ್ವವೊಂದು ಯಕೃತ್ತಿನಲ್ಲಿದೆ. ಹೊಟ್ಟೆ ಖಾಲಿ ಇರುವಾಗ ಒಂದು ನಿಯಂತ್ರಕ ಪ್ರೋಟೀನು ಅದನ್ನು ಅಪ್ಪಿ ಹಿಡಿದು ಜೀವಕೋಶದ ಕೇಂದ್ರದೊಳಗೆ ಕೂರಿಸಿಕೊಳ್ಳುತ್ತದೆ. ಉಂಡ ಮೇಲೆ ಬಿಡುತ್ತದೆ. ಹಣ್ಣಿನ ಸಕ್ಕರೆ ಒಂದಿಷ್ಟು ಬಂದರೂ ಹಿಡಿತ ಬೇಗ ಸಡಿಲುತ್ತದೆ. ನಮ್ಮ ಕೆಲಸವೆಲ್ಲ ಈ ಹಿಡಿಯುವುದು, ಬಿಡುವುದರ ಸುತ್ತಲೇ. ಆ ಕಿಣ್ವಕ್ಕೆ ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹಸಿದ ಇಲಿಯ ಕೋಶದ ನಡುವೆ ಹಸಿರು ಚುಕ್ಕಿ ಕಾಣುತ್ತಿತ್ತು. ಉಂಡ ಇಲಿಯದರಲ್ಲಿ ಹಸಿರು ಕೋಶದ ತುಂಬ ಹರಡಿರುತ್ತಿತ್ತು.

ಆ ವರ್ಷಗಳಲ್ಲಿ ನಮ್ಮ ಲ್ಯಾಬಿದ್ದ ಕೊಂಡಾಪುರದ ಸುತ್ತ ಬಂಡೆ ಸಿಡಿಸಿ ಸಾಫ್ಟ್‌ವೇರ್ ಕಂಪನಿಗಳ ಕಟ್ಟಡ ಎಬ್ಬಿಸುತ್ತಿದ್ದರು. ಎಚ್ಚರಿಕೆಯ ಸೀಟಿ ಕೇಳಿಸಿದ ಮರುಗಳಿಗೆಯೇ ನಮ್ಮ ಕಿಟಕಿಯ ಗಾಜು ನಡುಗುತ್ತಿತ್ತು. ಪ್ರಾಜೆಕ್ಟಿನ ವರದಿ ಕಳಿಸಬೇಕಾಗಿದ್ದ ತಿಂಗಳಲ್ಲೇ ಎಲ್ಲ ಏರುಪೇರಾಯಿತು. ಉಂಡ ಇಲಿಗಳದ್ದೆಂದು ನಾವು ಗುರುತು ಹಾಕಿದ ಗಾಜಿನ ಪಟ್ಟಿಗಳಲ್ಲೂ ಕೋಶದ ನಡುವೆ ಬರೀ ಚುಕ್ಕಿ. ಬಣ್ಣ ಕೆಟ್ಟಿದೆ ಎಂದರು ನನ್ನ ಸೀನಿಯರ್. ಮೇಡಂ ಎದ್ದು ಇಲಿಗಳ ಕೋಣೆಗೆ ಹೋದರು. ಬಟ್ಟಲಿನ ಕಾಳು ಹಾಗೇ ಇತ್ತು. ಇಲಿಗಳು ಒಂದರ ಮೇಲೊಂದು ಮೂಲೆಯಲ್ಲಿ ಮುದುಡಿಕೊಂಡಿದ್ದವು.

"ಇವು ಉಂಡೇ ಇಲ್ಲ. ಸಿಡಿತದ ಸದ್ದಿಗೆ ಅಂಜ್ಯಾವ," ಎಂದರು.

ಸೀನಿಯರ್ ತೆಲುಗಿನವರು. "ಟ್ಯೂಬ್ ಪೆಟ್ಟೇದ್ದಾಂ ಮೇಡಂ," ನಳಿಕೆ ಹಾಕಿಬಿಡೋಣ ಎಂದು ಸಣ್ಣ ನಳಿಕೆಯನ್ನೂ ಹಣ್ಣಿನ ಸಕ್ಕರೆಯ ನೀರನ್ನೂ ತಂದರು. ನೇರ ಹೊಟ್ಟೆಗೇ ಇಳಿಸುವುದು. ಎಲ್ಲ ಲ್ಯಾಬಿನಲ್ಲೂ ಮಾಡುವುದೇ. ಅವರ ಹಿಡಿತದಲ್ಲಿದ್ದ ಇಲಿ ಹಲ್ಲು ಕಚ್ಚಿ ಮುಖ ತಿರುಗಿಸಿತು. ಮೇಡಂ ಥಟ್ಟನೆ ಸೀನಿಯರ್ ಕೈ ಹಿಡಿದುಬಿಟ್ಟರು. ಬಾಯಿಂದ ಕನ್ನಡವೇ ಬಂತು.

"ಬಿಡು ಅದನ್ನ. ಒಲ್ಲೆ ಅನ್ನಾಕತ್ತೈತಿ."

ಕನ್ನಡ ತಿಳಿಯದ ಸೀನಿಯರ್, ಮೇಡಂ ಮುಖ ನೋಡಿ ಇಲಿಯನ್ನು ಕೆಳಗಿಟ್ಟರು.

ಅಂದು ಸಂಜೆ ಲ್ಯಾಬಿನ ಮೆಟ್ಟಿಲ ಮೇಲೆ ಕೂತು ಮೇಡಂ ತಾವಾಗಿಯೇ ಹೇಳಿದರು. "ನಂದೂ ಒಂದು ಕೂಸಿತ್ತು. ಎದಿಹಾಲು ಕುಡಕೊಂಡು ದುಂಡಗಿತ್ತು. ಬಾಳಿಹಣ್ಣಿಗೆ ಸಕ್ರಿ ಕಲಸಿ ಬಾಯಿಗಿಟ್ರ ಮಾರಿ ತಿರುವತಿತ್ತು. ಹಟ ಅಂದ್ರು ಮನ್ಯಾಗ. ನಾನೇ ಗದ್ದ ಹಿಡಿದು ತಿನಿಸಿದೆ. ವಾಂತಿ ಮಾಡ್ತು, ಬೆವತು ತಣ್ಣಗಾತು. ಶಕ್ತಿ ಬರಲಿ ಅಂತ ಮತ್ತ ಸಕ್ರಿ ನೀರು ಕುಡಿಸಿದೆ."

ಕೂಸು ಉಳಿಯಲಿಲ್ಲ ಎಂಬುದು ಕೇಳದೆಯೇ ತಿಳಿಯಿತು.

"ಅದಾದ ಮ್ಯಾಲ ಓದಾಕ ಹೋದೆ. ಎಂ.ಎಸ್ಸಿ. ಕ್ಲಾಸಿನ್ಯಾಗ ಮೇಷ್ಟ್ರು ಆ ರೋಗದ ಪಾಠ ಹೇಳಿದ್ರು. ಹಣ್ಣಿನ ಸಕ್ರಿ ಅರಗಿಸೋ ಕಿಣ್ವ ಹುಟ್ಟಿದಾಗಿಂದ ಇರಂಗಿಲ್ಲ. ನಾವು ದಿನಾ ತಿನ್ನೋ ಸಕ್ರಿಯಾಗೂ ಹಣ್ಣಿನ ಸಕ್ರಿ ಇರ್ತದ. ಅದು ಅಂಥವರ ಯಕೃತ್ತಿನ್ಯಾಗ ಅರ್ಧಕ್ಕ ನಿಂತು, ರಕ್ತದಾಗಿನ ಸಕ್ರಿ ಇಳಿದುಬಿಡ್ತದ. ಮಾತು ಬಾರದ ಕೂಸಿಗೆ ಗೊತ್ತಿತ್ತು ನೋಡು. ನನಗ ಗೊತ್ತಿರಲಿಲ್ಲ."

ಮೇಡಂ ವರದಿಯಲ್ಲಿ ಇದ್ದದ್ದು ಇದ್ದಂತೆ ಬರೆದರು. ಪ್ರಾಜೆಕ್ಟಿಗೆ ಮುಂದೆ ಹಣ ಬರಲಿಲ್ಲ. ಸೀನಿಯರ್ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಕಂಪನಿ ಸೇರಿದರು. ಅವರ ಮೇಜಿನ ಮೇಲೆ ಧೂಳು ಕೂತಿತು. ನಾವು ಇಲಿಗಳನ್ನು ಹಿಂಬದಿಯ ಕಟ್ಟಡದ ಸದ್ದಿಲ್ಲದ ಕೋಣೆಗೆ ಸಾಗಿಸಿ ಕಾದೆವು. ಕೊನೆಗೊಮ್ಮೆ ಹಸಿರು ಕೋಶದ ತುಂಬ ಹರಡಿದ್ದು ಕಂಡಿತು. ಮೇಡಂ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ, "ಉಂಡಾವು," ಎಂದರು. ನನ್ನ ಪಿಎಚ್.ಡಿ. ಅಷ್ಟರಿಂದಲೇ ಮುಗಿಯಿತು.

ಮದುವೆಯಾಗಿ ನಾನು ಹೈದರಾಬಾದಿನಲ್ಲೇ ಮೆಹದಿಪಟ್ಟಣಂನಲ್ಲಿ ಮನೆ ಮಾಡಿದೆ. ಮಗಳಿಗೆ ಹಣ್ಣು ತಿನಿಸುವ ಕಾಲ ಬಂದಾಗ ಕೈ ಏಳಲಿಲ್ಲ. ತೀರಾ ಅಪರೂಪದ ರೋಗ ಎಂದು ಗೊತ್ತಿದ್ದೂ ದಿನ ಮುಂದೂಡುತ್ತಿದ್ದೆ. ಒಂದು ಬೆಳಗ್ಗೆ ಮೇಡಂಗೆ ಫೋನ್ ಮಾಡಿದೆ. ಅಷ್ಟರಲ್ಲಿ ನಿವೃತ್ತರಾಗಿ ಕೂಕಟ್‌ಪಲ್ಲಿಯಲ್ಲಿದ್ದರು. "ನಾ ಬರೋತನ ಕೊಡಬ್ಯಾಡ," ಎಂದು ಬಸ್ಸು ಹತ್ತಿ ಬಂದರು.

ನಾನು ಬಾಳೆಹಣ್ಣು ಕಿವುಚಿ ಬೆರಳ ತುದಿಯಲ್ಲಿಟ್ಟೆ. ಮಗು ಚಪ್ಪರಿಸಿ, ಇನ್ನೂ ಬೇಕೆಂದು ಬಾಯಿ ತೆರೆಯಿತು. ಆಮೇಲೆ ಮಲಗಿತು. ಮೇಡಂ ಮಂಚದ ಪಕ್ಕ ಕೂತವರು ಮಧ್ಯಾಹ್ನವಿಡೀ ಏಳಲಿಲ್ಲ. ಚಹಾ ಆರಿಹೋಯಿತು. ಹಣೆ ಮುಟ್ಟುವರು, ಅಂಗಾಲು ಮುಟ್ಟುವರು. "ನಿದ್ದಿನೋ, ಮಂಪರೋ?" ಎಂದು ತಮಗೆ ತಾವೇ ಅನ್ನುವರು. ಮಗು ಎದ್ದು ಕಿರುಚಿ ಅತ್ತಾಗ ಅವರ ಹೆಗಲು ಸಡಿಲವಾಯಿತು.

"ಹಸಿದೈತಿ. ಎತ್ತಿಕೋ," ಎಂದರು. ಸೆರಗಿನಿಂದ ಮುಖ ಒರೆಸಿಕೊಂಡು ಹೊರಟೇಬಿಟ್ಟರು. ಅದೇ ವರ್ಷ ಹೃದಯ ನಿಂತು ತೀರಿಹೋದರು.

ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ಅವಳು ಉಂಡು ಮಲಗಿದರೆ ಈಗಲೂ ಹಣೆ ಮುಟ್ಟಿ ನೋಡುತ್ತೇನೆ. ನಿದ್ದೆಯಲ್ಲೇ ನನ್ನ ಕೈ ಸರಿಸುತ್ತಾಳೆ. ಆ ಹೊತ್ತಿಗೆ ಮಂಚದ ಆಚೆ ಬದಿಯಲ್ಲಿ ಯಾರೋ ಕೂತು ಕಾಯುತ್ತಿದ್ದಾರೆ ಅನಿಸುತ್ತದೆ. ನಾನು ಆ ಕಡೆ ತಿರುಗಿ ನೋಡುವುದಿಲ್ಲ.