ತಪ್ಪು ನನ್ನ ಭಾಗದ್ದಿರಬಹುದು

ನನ್ನ ಗಂಡನನ್ನು ಕೆಣಕಬೇಕೆಂದರೆ ಅವರ ರಾಕೆಟ್ಟನ್ನು ಪಟಾಕಿ ಎಂದರೆ ಸಾಕಿತ್ತು. ನಾವು ಸಿಡ್ನಿಯ ರೌಸ್ ಹಿಲ್‌ನಲ್ಲಿ ಬಾಡಿಗೆಗಿದ್ದ ಆ ವರ್ಷಗಳಲ್ಲಿ, ಕನ್ನಡದವರು ಊಟಕ್ಕೆ ಸೇರಿದಾಗಲೆಲ್ಲ ಯಾರಾದರೊಬ್ಬರು ಈ ಪುಣ್ಯದ ಕೆಲಸ ಮಾಡುತ್ತಿದ್ದರು.

ಊರಲ್ಲಿದ್ದಾಗ ಅವರು ದುಡಿದದ್ದು ಸೌಂಡಿಂಗ್ ರಾಕೆಟ್‌ಗಳಲ್ಲಿ. ಇವು ಸಣ್ಣ ರಾಕೆಟ್‌ಗಳು. ಉಪಕರಣ ಹೊತ್ತು ಗಾಳಿಯ ಮೇಲಿನ ಪದರಗಳಿಗೆ ಏರಿ, ಕೆಲವು ನಿಮಿಷ ಅಳತೆ ಕಳಿಸಿ, ಸಮುದ್ರಕ್ಕೆ ಬೀಳುತ್ತವೆ. ಒಳಗಿನ ಬೆಂಕಿ ಲೋಹದ ಕವಚವನ್ನು ಸುಡದಂತೆ ಅದರ ಒಳಮೈಗೆ ರಬ್ಬರಿನ ಪದರ ಅಂಟಿಸುವುದು ನನ್ನವರ ಭಾಗದ ಕೆಲಸ. ನನ್ನ ನರ್ಸ್ ಕೆಲಸದ ಮೇಲೆ ನಮಗೆ ಆಸ್ಟ್ರೇಲಿಯಾದಲ್ಲಿ ಕಾಯಂ ನೆಲೆಸುವ ಪಿಆರ್ ಸಿಕ್ಕಿತು. ಅವರು ಎಲ್ಲ ಬಿಟ್ಟು ನನ್ನ ಹಿಂದೆ ಬಂದರು. ಇಲ್ಲಿ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತ, ಮತ್ತೆ ರಾಕೆಟ್ ಕೆಲಸ ಸಿಗುವುದನ್ನೇ ಕಾಯುತ್ತಿದ್ದರು.

"ಅಲ್ಲ ಸರ್, ಮೇಲೆ ಹೋಗಿ ಸಮುದ್ರಕ್ಕೆ ಬೀಳೋದನ್ನ ಇಟ್ಕೊಂಡು ಬಡ ದೇಶಗಳು ಸ್ಯಾಟಲೈಟ್ ಹಾರಿಸ್ತೀವಿ ಅಂದ್ರೆ ಹೆಂಗೆ?" ಎಂದು ಬೆಂಗಳೂರಿನ ಸಾಫ್ಟ್‌ವೇರಿನವನೊಬ್ಬ ಒಮ್ಮೆ ಕೇಳಿದ. "ಪಟಾಕಿ ದೊಡ್ಡದು ಮಾಡಿದ್ರೆ ಆಯ್ತಾ?"

ನನ್ನವರು ತಟ್ಟೆ ಕೆಳಗಿಟ್ಟರು. ಅವರು ತಟ್ಟೆ ಕೆಳಗಿಟ್ಟರೆಂದರೆ ಆ ಅನ್ನ ತಣ್ಣಗಾದ ಹಾಗೆಯೇ.

"ದೊಡ್ಡದು ಮಾಡಿದ್ರ ಆಗಂಗಿಲ್ರಿ. ಮ್ಯಾಲೆ ಏರೂದು ಬ್ಯಾರೆ, ಬೀಳದಂಗ ಭೂಮಿ ಸುತ್ತೂದು ಬ್ಯಾರೆ. ಅದಕ್ಕ ಅಡ್ಡ ಓಡೂ ವೇಗ ಬೇಕು, ಭಾಳ ಬೇಕು. ಸಣ್ಣ ರಾಕೆಟ್ ಅದನ್ನ ಕೊಡಂಗಿಲ್ಲ."

"ಮತ್ತೆ?"

"ಸಣ್ಣದು ಮಂದಿನ್ನ ತಯಾರ ಮಾಡ್ತದ. ಅದು ಕೆಟ್ರ ದೇಶ ಮುಳುಗಂಗಿಲ್ಲ. ಯಾಕ ಕೆಟ್ಟಿತು ಅಂತ ಎಲ್ಲಾರೂ ಒಂದ ಮೇಜಿಗೆ ಕೂತು ಖರೇ ಮಾತಾಡೂದು ಕಲೀತಾರ. ಅದನ್ನ ಕಲ್ತ ದೇಶ ಇವತ್ತಿಲ್ಲ ನಾಳೆ ಕಕ್ಷೆ ಮುಟ್ಟತದ. ಕಲೀಲಾರದವರು ಎಂಥಾ ಎಂಜಿನ್ ಕೊಂಡ್ರೂ ಮುಟ್ಟಂಗಿಲ್ಲ."

ಆ ಮೇಜಿನ ಕಥೆ ನನಗೆ ಬಾಯಿಪಾಠ. ಹಾರಾಟ ಕೆಟ್ಟ ಮರುದಿನ ಎಲ್ಲ ಭಾಗದವರೂ ಸುತ್ತ ಕೂರುತ್ತಿದ್ದರಂತೆ. ಅಲ್ಲೊಂದು ರೂಢಿ: ಯಾರೂ ಇನ್ನೊಬ್ಬರ ಕಡೆ ಬೆರಳು ತೋರಿಸುವ ಹಾಗಿಲ್ಲ. ಪ್ರತಿಯೊಬ್ಬರೂ "ತಪ್ಪು ನನ್ನ ಭಾಗದ್ದಿರಬಹುದು" ಎಂದೇ ಮಾತು ಶುರು ಮಾಡಿ, ತಮ್ಮಲ್ಲಿ ಏನೇನು ಕೆಟ್ಟಿರಬಹುದೆಂದು ತಾವೇ ಹೇಳಬೇಕು. ಕುಣಿಯಲಾರದವಳು ನೆಲ ಡೊಂಕು ಎಂದಳೆಂಬ ಗಾದೆಯನ್ನು ಅಲ್ಲಿ ಹಿರಿಯರು ಬೈಗುಳದಂತೆ ಬಳಸುತ್ತಿದ್ದರಂತೆ. ಕೇಳುವಾಗ ನನಗೆ ನಗು ಬರುತ್ತಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ರೇಗಿಸುತ್ತಿದ್ದೆ.

ಅಷ್ಟರಲ್ಲಿ ಮೆಲ್ಬರ್ನ್‌ನಿಂದ ಕರೆ ಬಂತು. ಸಣ್ಣ ಸೌಂಡಿಂಗ್ ರಾಕೆಟ್ ಮಾಡಲು ಹೊರಟ ಚಿಕ್ಕ ತಂಡವೊಂದಕ್ಕೆ ಒಳಪದರದ ಕೆಲಸ ಗೊತ್ತಿರುವವರು ಬೇಕಿತ್ತು. ಇಡೀ ಆಸ್ಟ್ರೇಲಿಯಾದಲ್ಲಿ ಆ ಕುರ್ಚಿ ನನ್ನವರಿಗೆಂದೇ ಮಾಡಿಸಿಟ್ಟಂತಿತ್ತು. ಶರ್ಟಿಗೆ ನಾನೇ ಇಸ್ತ್ರಿ ಹಾಕಿದೆ. ವಿಮಾನ ನಿಲ್ದಾಣದಲ್ಲಿ ಅವರು ಸಂತೋಷಕ್ಕೆ ನನ್ನ ಕಡೆ ಎರಡೆರಡು ಸಲ ಕೈ ಬೀಸಿ ಒಳಗೆ ಹೋದರು.

ಸಂದರ್ಶನದಲ್ಲಿ ಮೊದಲೆಲ್ಲ ಚೆನ್ನಾಗಿಯೇ ಹೋಯಿತಂತೆ. ಕೊನೆಗೆ ನನ್ನವರು ಕಣ್ಣಾರೆ ಕಂಡ ಒಂದು ವೈಫಲ್ಯದ ಬಗ್ಗೆ ಆ ತಂಡದವರು ಕೇಳಿದರು. ಹಾರಿದ ಸ್ವಲ್ಪ ಹೊತ್ತಿಗೆ ಕವಚ ಸುಟ್ಟು ಒಡೆದ ಒಂದು ರಾಕೆಟ್ಟಿನ ಕಥೆ ಇವರು ತೆಗೆದರು. ತಿಂಗಳುಗಟ್ಟಲೆ ಹುಡುಕಿದ ಮೇಲೆ ಅದರ ತಪ್ಪು ಸಿಕ್ಕಿದ್ದು ಇನ್ನೊಂದು ಭಾಗದವರ ಬೆಸುಗೆಯಲ್ಲಿ. ಇವರ ರಬ್ಬರಿನದು ಏನೂ ಇರಲಿಲ್ಲ. ಆದರೆ ಇವರು ಶುರು ಮಾಡಿದ್ದು ಆ ಮೇಜಿನ ರೂಢಿಯಂತೆ: ತಪ್ಪು ನನ್ನ ಭಾಗದ್ದಿರಬಹುದು, ನನ್ನ ಪದರ ಸರಿಯಾಗಿ ಅಂಟದೆ ಹೀಗಾಗಿರಬಹುದು. ಬೆಸುಗೆಯ ತನಕ ಮಾತು ಮುಟ್ಟುವ ಮೊದಲೇ ಹೊತ್ತು ಮುಗಿಯಿತು. ಎಲ್ಲರೂ ನಗುತ್ತ ಕೈ ಕುಲುಕಿದರು.

ಆ ವಾರದಲ್ಲೇ ಫೋನ್ ಬಂತು. ತಂಡದ ಹೆಣ್ಣುಮಗಳೊಬ್ಬಳು ಬಹಳ ಮೆತ್ತಗೆ ಮಾತಾಡಿದಳಂತೆ: ವೈಫಲ್ಯಕ್ಕೆ ಕಾರಣರಾದವರ ಕೈಗೆ ಅದೇ ಕೆಲಸ ಕೊಡಲು ತಂಡಕ್ಕೆ ಧೈರ್ಯವಾಗಲಿಲ್ಲ, ದಯವಿಟ್ಟು ತಪ್ಪು ತಿಳಿಯಬೇಡಿ.

ನನಗೆ ಮೈಯೆಲ್ಲ ಉರಿಯಿತು. "ಬೆಸುಗಿ ಅಂತ ಮೊದಲ ಹೇಳಾಕ ಏನಾಗಿತ್ರಿ ನಿಮಗ?"

"ಮೊದಲ ಹಂಗ ಹೇಳಬಾರದು," ಎಂದರು, ಇಷ್ಟೂ ಗೊತ್ತಿಲ್ಲವೇ ಎನ್ನುವ ಹಾಗೆ.

ತಿರುಗಿ ಫೋನ್ ಮಾಡಿ ವಿವರಿಸಿದರು. ಆ ತಂಡದವರು ಕೇಳಿಸಿಕೊಂಡರು, ಅಷ್ಟೇ. ಆ ಕುರ್ಚಿಯಲ್ಲಿ ಅದಾಗಲೇ ಬೇರೆಯವರು ಕೂತಿದ್ದರು.

ಮರುವರ್ಷ ನಾವು ಮೆಲ್ಬರ್ನ್‌ಗೇ ಬಂದೆವು, ಕ್ರಾನ್‌ಬರ್ನ್‌ಗೆ. ರಾಕೆಟ್ಟಿಗಾಗಿ ಅಲ್ಲ. ಕಾರಿನ ಬಾಗಿಲಿಗೆ ರಬ್ಬರ್ ಪಟ್ಟಿ ಮಾಡುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ರಬ್ಬರನ್ನು ಕಾಯಿಸಿ ಅಚ್ಚಿಗೆ ಒತ್ತುವ ಬಿಸಿ ಪ್ರೆಸ್ಸುಗಳನ್ನು ಹದಕ್ಕಿಟ್ಟು ನೋಡಿಕೊಳ್ಳುವುದು ಇವರ ಪಾಲು. ರಬ್ಬರಾದರೂ ಸಿಕ್ಕಿತಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ.

ಒಂದು ಸಂಜೆ ಬಂದವರು ಬೂಟು ಬಿಚ್ಚದೆ ಅಡಿಗೆಮನೆಯಲ್ಲಿ ಕುಳಿತರು. ಜೊತೆಗೆ ಕೆಲಸ ಮಾಡುತ್ತಿದ್ದ ವಿಯೆಟ್ನಾಮಿನ ಹೆಂಗಸೊಬ್ಬಳ ಕೈ ಪ್ರೆಸ್ಸಿಗೆ ಸಿಕ್ಕಿತ್ತು. ಬೆರಳುಗಳು ಹೋಗಿದ್ದವು. ಬಿಸಿ ಪ್ರೆಸ್ಸು ಕೈಯನ್ನು ಏನು ಮಾಡುತ್ತದೆಂದು ನರ್ಸಾದ ನನಗೆ ಯಾರೂ ಹೇಳಬೇಕಾಗಿರಲಿಲ್ಲ.

"ಮ್ಯಾನೇಜರ್ ಎಲ್ಲಾರ್ನೂ ಸುತ್ತ ಕುಂಡ್ರಿಸಿ ಕೇಳಿದ," ಎಂದರು. "ಪ್ರೆಸ್ಸಿನಾಗ ಕೈ ಹೋಗದಂಗ ತಡೆಯೂ ಕಾವಲು ಬಾಗಿಲು ಕೆಟ್ಟಿದ್ದು ಯಾರರೆ ನೋಡೀರೇನು ಅಂತ. ಒಬ್ಬೊಬ್ಬರ ಇಲ್ಲ ಇಲ್ಲ ಅಂದ್ರು."

"ನೀವು?"

"ನಾನೂ ಇಲ್ಲ ಅಂದೆ."

ಅವರೇ ಮುಂದುವರಿಸಿದರು.

"ನಿನ್ನೆ ಅದು ಕಚ್ಚಿ ನಿಂತಿತ್ತು. ನಾನ ಗುದ್ದಿ ಸಡಲ ಮಾಡಿ ಮುಂದ ಹೋದೆ. ಈಗ ಆಕೀನ ಬೇಪರ್ವಾ ಇದ್ಲು ಅಂತ ಬರಕೊಂಡಾರ."

"ಈಗರೆ ಹೋಗಿ ಹೇಳ್ರಿ."

"ಹೇಳಿದ್ರ ಏನಾಗ್ತದ ಅನ್ನೂದು ಒಮ್ಮೆ ನೋಡೀನಲ್ಲ," ಎಂದರು. ಅವರ ದನಿಯಲ್ಲಿ ಸಿಟ್ಟಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಅವರು ಹೇಳಲಿಲ್ಲ. ಪ್ರೆಸ್ಸು ಮುಂದಿನ ವಾರ ಅದೇ ಬಾಗಿಲಿನೊಂದಿಗೆ ಓಡಿತು.

ಕೆಲವು ತಿಂಗಳ ನಂತರ ಕ್ರಾನ್‌ಬರ್ನ್‌ನಲ್ಲೇ ಒಂದು ಮನೆಗೆ ಊಟಕ್ಕೆ ಹೋಗಿದ್ದೆವು. ನನ್ನವರ ಹಳೆಯ ಕೆಲಸ ಏನೆಂದು ಗೊತ್ತಾಗುತ್ತಲೇ ಆ ಮನೆಯ ಯಜಮಾನರು ಕುತೂಹಲದಿಂದ, ಕೆಣಕುವ ಉದ್ದೇಶ ಒಂದಿಷ್ಟೂ ಇಲ್ಲದೆ ಕೇಳಿದರು: "ಹೌದಾ ಸರ್, ಆ ಸಣ್ಣ ರಾಕೆಟ್‌ಗಳಿಂದ ನಮ್ಮಂಥ ದೇಶದವರು ನಿಜವಾಗ್ಲೂ ಕಕ್ಷೆ ತನಕ ಹೋಗ್ಬೋದಾ?"

ನಾನು ಅಭ್ಯಾಸದಂತೆ ಅವರ ತಟ್ಟೆಯ ಕಡೆ ನೋಡಿದೆ.

"ಇಲ್ರಿ," ಎಂದು ನನ್ನವರು ಅನ್ನ ಕಲಸಿಕೊಂಡರು. "ಅವು ಮ್ಯಾಲೆ ಹೋಗ್ತಾವ, ಬೀಳ್ತಾವ."

ಅವರು ಅನ್ನ ಬಿಸಿಯಿದ್ದಾಗಲೇ ಊಟ ಮುಗಿಸಿ ಕೈ ತೊಳೆಯಲು ಎದ್ದರು.