ಹಿಂಡಿದರೆ ಉದುರಬೇಕಾದ ಮಣ್ಣು

ನಾನು ಚಿಕ್ಕವಳಿದ್ದಾಗ ಕಾಪುವಿನ ನಮ್ಮ ಹೊಳೆಬದಿ ಗದ್ದೆಯ ಮಣ್ಣೆಂದರೆ ನನಗೆ ವಾಕರಿಕೆ. ಹೂವಿನ ಕುಂಡಕ್ಕೆ ಹಾಕುವ ಪುಡಿಮಣ್ಣು ಎಂದುಕೊಳ್ಳಬೇಡಿ ಮಕ್ಕಳೇ, ಅದು ಕಪ್ಪು ಜೇಡಿ. ಹಿಡಿದ ಕಾಲನ್ನು ಬಿಟ್ಟರೂ ಚಪ್ಪಲಿಯನ್ನು ಬಿಡುತ್ತಿರಲಿಲ್ಲ. ಕೊಳೆತ ಕೂಳೆ, ಸತ್ತ ಏಡಿ, ಬಸವನಹುಳು ಎಲ್ಲ ಬೆರೆತ ಅದರ ನಾತ ಎಷ್ಟು ಸೋಪು ಹಚ್ಚಿದರೂ ಉಗುರಿನ ಸಂದಿಯಿಂದ ಹೋಗದು. ಊಟಕ್ಕೆ ಕೂತರೆ ಅನ್ನದಲ್ಲೂ ಅದೇ ವಾಸನೆ.

ಆ ವರ್ಷ ಭತ್ತ ಕೊಯ್ದ ಮೇಲೆ ಅಲ್ಲಿ ಗುಳ್ಳ, ಅಂದರೆ ನಮ್ಮ ಕಡೆಯ ಗುಂಡು ಬದನೆ, ನೆಡಬೇಕೆಂದು ಅಕ್ಕ ಹಟ ಹಿಡಿದಿದ್ದಳು. ಬಾವಿಕಟ್ಟೆಯ ಪಕ್ಕ ಪಾತಿ ಮಾಡಿ, ಕೊಡದಲ್ಲಿ ನೀರು ಹೊತ್ತು, ಕೋಳಿಗಳನ್ನು ಓಡಿಸಿ ಸಸಿ ಬೆಳೆಸಿದ್ದಳು. ಸಸಿ ತಯಾರಾಯಿತು, ಗದ್ದೆ ಮಾತ್ರ ಇನ್ನೂ ಒದ್ದೆ. ತಡವಾದರೆ ಸಸಿ ಬಲಿತು ಹಾಳಾಗುತ್ತದೆಂದು ಅಪ್ಪ ಬಾಡಿಗೆ ಟ್ರ್ಯಾಕ್ಟರ್ ತರಿಸಿದರು.

“ಹಿಂದೆ ಎಂತ ಕಟ್ಟುವುದು? ಕಲ್ಟಿವೇಟರಾ, ರೋಟವೇಟರಾ?” ಚಾಲಕ ಕೇಳಿದ. ಕಲ್ಟಿವೇಟರ್ ಎಂದರೆ ಮಣ್ಣನ್ನು ಗೀರಿ ಸಡಿಲಿಸುವ ಕಬ್ಬಿಣದ ಕೊಕ್ಕೆಗಳ ಸಾಲು. ರೋಟವೇಟರ್ ಎಂದರೆ ಗಿರ್ರನೆ ತಿರುಗಿ ಮಣ್ಣನ್ನು ಕಡೆಯುವ ಅಲಗುಗಳು.

“ಭತ್ತಕ್ಕೆ ಕಟ್ಟುವುದನ್ನೇ ಕಟ್ಟಿ ಮಾರಾಯ್ರೆ, ರೋಟವೇಟರ್. ಬೆಣ್ಣೆಯ ಹಾಗೆ ಆಗಬೇಕು,” ಎಂದರು ಅಪ್ಪ. ಹುಟ್ಟಿದಾಗಿನಿಂದ ಕೆಸರಲ್ಲೇ ಉತ್ತವರಿಗೆ ಬೇರೆ ಉಳುಮೆ ಹೊಳೆಯಲೇ ಇಲ್ಲ.

ಅಕ್ಕ ಒಂದು ಹಿಡಿ ಮಣ್ಣು ಹಿಂಡಿ ತೋರಿಸಿದಳು. ಅದು ಚಕ್ಕುಲಿ ಹಿಟ್ಟಿನ ಹಾಗೆ ಬೆರಳ ಸಂದಿಯಿಂದ ಹೊರಬಂತು. “ಇದು ಭತ್ತ ಅಲ್ಲ ಅಪ್ಪ, ಗುಳ್ಳ. ಹಿಂಡಿದರೆ ಉದುರಬೇಕು. ನಾಲ್ಕು ದಿನ ಬಿಸಿಲು ಕಾಣಲಿ.”

“ನೀನು ನನಗೆ ಉಳಲಿಕ್ಕೆ ಕಲಿಸುವುದಾ?”

ರೋಟವೇಟರ್ ಇಳಿಯಿತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅಲಗುಗಳ ನಡುವೆ ಜೇಡಿ ಮೆತ್ತಿ ಗಡ್ಡೆಯಾಯಿತು. ಎಂಜಿನ್ ಆರಿಸಿ, ಸಣ್ಣ ಕೈ ಸಂದಿಗೆ ಹೋಗುತ್ತದೆಂದು ನನ್ನನ್ನು ಕರೆದರು. ಬಾಚಿ ಬಾಚಿ ತೆಗೆದೆ. ಕೊಳೆತ ಬಸವನಹುಳುವೊಂದು ಬೆರಳಲ್ಲೇ ಪಿಚಕ್ಕನೆ ಒಡೆಯಿತು. ಥೂ! ಅಲ್ಲೇ ಬದುವಿನ ಮೇಲೆ ವಾಂತಿ ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ಅರ್ಧ ಗದ್ದೆ ಮುಗಿಯಿತು, ಚಾಲಕನಿಗೂ ಸಾಕಾಗಿ ಹೊರಟುಹೋದ.

ಬಿಸಿಲು ಬಿದ್ದದ್ದೇ ಆ ಅರ್ಧ ಗದ್ದೆ ಇಟ್ಟಿಗೆಯಾಯಿತು. ಮರದ ಕೊಡತಿಯಿಂದ ಬಡಿದರೆ ಹೆಂಟೆ ಒಡೆಯದೆ ಕೊಡತಿಯೇ ಹಾರುತ್ತಿತ್ತು. ಉಳಿದ ಅರ್ಧದ ಮಣ್ಣನ್ನು ಅಕ್ಕ ದಿನವೂ ಹಿಂಡಿ ನೋಡುತ್ತಿದ್ದಳು. ಅದು ಉದುರಿದ ದಿನ ಟ್ರ್ಯಾಕ್ಟರ್ ಮತ್ತೆ ಬಂತು. ಎಂತ ಕಟ್ಟುವುದೆಂದು ಚಾಲಕ ಕೇಳಿದಾಗ ಅಪ್ಪ ಮುಖ ಆಚೆ ತಿರುಗಿಸಿ, “ಅವಳನ್ನು ಕೇಳಿ,” ಎಂದರು. ಮೊದಲು ಕಲ್ಟಿವೇಟರ್, ಮತ್ತೆ ಹಗುರವಾಗಿ ರೋಟವೇಟರ್. ಅಲ್ಲಿ ನೆಟ್ಟ ಗುಳ್ಳ ಚೆನ್ನಾಗಿಯೇ ಬಂತು. ನೆಡಲು ಜಾಗವಿಲ್ಲದ ಉಳಿದ ಸಸಿಗಳು ಪಾತಿಯಲ್ಲೇ ಬಲಿತು ಬಾಡಿದವು. ಅವುಗಳನ್ನು ಕಿತ್ತೆಸೆಯಲು ಅಕ್ಕ ಯಾರಿಗೂ ಬಿಡಲಿಲ್ಲ.

ಮೊನ್ನೆ ನೀವು ಮಣಿಪಾಲದಿಂದ ಸ್ಲೈಮ್ ಎಂಬ ಅಂಟಂಟು ಆಟಿಕೆಯ ಡಬ್ಬಿ ತಂದಿರಿ. ನಾನು ತೊಳೆದು ತೊಳೆದು ಸಾಕಾದ ಅಂಟನ್ನು ನೀವು ಅಂಗಡಿಯಿಂದ ತರುತ್ತೀರಿ! ಮೇಲಿಂದ ಹಸಿರು ಬಣ್ಣ, ಹಣ್ಣಿನ ವಾಸನೆ. ಥೂ ಎಂದರೂ ಕೇಳದೆ, “ಅಜ್ಜಿ, ಒಮ್ಮೆ ಹಿಂಡಿ ನೋಡಿ,” ಎಂದು ಕೈಗೆ ಸುರಿದಿರಿ. ಹಿಂಡಿದೆ. ಬೆರಳ ಸಂದಿಯಿಂದ ಹೊರಬಂತು. ನನಗೇ ತಿಳಿಯದೆ ಅಕ್ಕನ ಮಾತು ಬಾಯಿಗೆ ಬಂತು:

“ಉದುರುವುದಿಲ್ಲ. ನಾಲ್ಕು ದಿನ ಬಿಸಿಲು ಕಾಣಲಿ.”