‘ಹೋಗಿ ಬರ್ತೇನೆ’ಗೆ ಇಂಗ್ಲಿಷ್

ಆಗ ನಾನು ಡೊಂಬಿವಲಿಯಿಂದ ಠಾಣೆಗೆ ದಿನಾ ಲೋಕಲ್ ರೈಲಿನಲ್ಲಿ ಹೋಗುತ್ತಿದ್ದೆ. ಅಲ್ಲಿನ ಘೋಡಬಂದರ್ ರಸ್ತೆಯ ಒಂದು ಆಫೀಸಿನ ಪಾರ್ಸೆಲ್ ವಿಭಾಗದಲ್ಲಿ ಆರು ವರ್ಷದಿಂದ ಕೆಲಸ. ಆ ವಿಭಾಗವನ್ನು ಪನ್ವೇಲಿನ ಆಚೆಗೆ ಒಯ್ಯುತ್ತೇವೆ ಎಂದರು. ಮಗಳದು ಮಧ್ಯಾಹ್ನದ ಶಾಲೆ, ಸಂಜೆ ಆರಕ್ಕೆ ಮನೆಗೆ ಬರುತ್ತಿದ್ದಳು. ಅಷ್ಟು ದೂರ ಹೋದರೆ ನಾನು ಆ ಹೊತ್ತಿಗೆ ಮನೆ ಮುಟ್ಟುವ ಮಾತೇ ಇಲ್ಲ, ಕೆಲಸ ಬಿಡಬೇಕು. ಠಾಣೆಯಲ್ಲೇ ಉಳಿಯಬೇಕಾದರೆ ಗ್ರಾಹಕರ ಫೋನ್ ತೆಗೆದುಕೊಳ್ಳುವ ಮೇಜು ಸಿಗಬೇಕಿತ್ತು. ಅದಕ್ಕೆ ಇಂಗ್ಲಿಷ್ ಮಾತಿನ ಪರೀಕ್ಷೆ.

ಹಿಂದೊಮ್ಮೆ ಆ ಫೋನ್ ಎತ್ತಿದ್ದೆ. ಫೈಲ್ ತರಬೇಕಿತ್ತು. ‘ವನ್ ಮಿನಿಟ್ ಸರ್, ಐ ವಿಲ್ ಗೋ ಆಂಡ್ ಕಮ್’ ಎಂದೆ. ‘ವೇರ್ ಆರ್ ಯು ಗೋಯಿಂಗ್?’ ಎಂದು ಆ ಕಡೆಯವರು ಗಾಬರಿಯಿಂದ ಕೇಳಿದರು. ಆಮೇಲೆ ನಾನು ನೀರು ಕುಡಿಯಲು ಎದ್ದರೂ ಪಕ್ಕದ ಮೇಜಿನ ಮರಾಠಿ ಹೆಂಗಸು, ‘ಕಾಯ್ ಗ, ಗೋ ಆಂಡ್ ಕಮ್ ಕಾ?’ ಎಂದು ರೇಗಿಸುತ್ತಿದ್ದಳು.

ಲೋಕಲ್‌ನ ಹೆಂಗಸರ ಬೋಗಿಯಲ್ಲಿ ದಿನಾ ಜೊತೆಗೆ ಸಿಗುತ್ತಿದ್ದ ಟೀಚರ್‌ಗೆ ಇದನ್ನು ಹೇಳಿದೆ. ಅವರು ಮೈಸೂರಿನವರು, ಠಾಣೆಯ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು.

‘ವ್ಯಾಕರಣ ನಿಂಗೆ ಗೊತ್ತಿದೆ ಕಣಮ್ಮ. ಕನ್ನಡದ ಒಂದೊಂದೇ ಪದ ಇಂಗ್ಲಿಷ್ ಮಾಡ್ತೀಯಲ್ಲ, ಅದೇ ತೊಂದರೆ. ಇಡೀ ವಾಕ್ಯದ ಅಚ್ಚು ಕಲಿ. ಚಕ್ಕುಲಿ ಒರಳಲ್ಲಿ ಹಿಟ್ಟು ಮಾತ್ರ ಬದಲಾಯಿಸೋ ಹಾಗೆ.’

ಮೊದಲ ಅಚ್ಚು ‘ಐ ಹ್ಯಾವ್ ಬೀನ್’. ನಾನು ‘ಐ ಆಮ್ ವರ್ಕಿಂಗ್ ಸಿನ್ಸ್ ಸಿಕ್ಸ್ ಇಯರ್ಸ್’ ಎನ್ನುತ್ತಿದ್ದೆ. ಎಲ್ಲಿಂದ ಶುರು ಎಂದರೆ ಸಿನ್ಸ್, ಎಷ್ಟು ಹೊತ್ತು ಎಂದರೆ ಫಾರ್ ಎಂದು ಅವರು ತಿದ್ದಿದರು. ಸೀಟು ಸಿಗದೆ ನಿಂತದ್ದೇ ಪಾಠವಾಯಿತು: ‘ಐ ಹ್ಯಾವ್ ಬೀನ್ ಸ್ಟ್ಯಾಂಡಿಂಗ್ ಸಿನ್ಸ್ ಡೊಂಬಿವಲಿ’, ‘ಐ ಹ್ಯಾವ್ ಬೀನ್ ಸ್ಟ್ಯಾಂಡಿಂಗ್ ಫಾರ್ ಟ್ವೆಂಟಿ ಮಿನಿಟ್ಸ್’. ಹಿಂದಿನಿಂದ ಒಬ್ಬಳು, ‘ಇಂಗ್ಲಿಷ್ ಮೇ ಖಡೀ ರಹೋ ಯಾ ಹಿಂದಿ ಮೇ, ಥೋಡಾ ಅಂದರ್ ಸರಕೋ’ ಎಂದಳು. ಯಾವ ಭಾಷೆಯಲ್ಲಿ ನಿಂತರೂ ಜಾಗ ಬಿಡಲೇಬೇಕು, ಇಬ್ಬರೂ ಒಳಗೆ ಸರಿದೆವು.

‘ಆ ಗೋ ಆಂಡ್ ಕಮ್‌ಗೆ ಎಂತ ಮಾಡೂದು ಟೀಚರ್? ನಮ್ಮ ಊರಲ್ಲಿ ಬರೀ ಹೋಗ್ತೇನೆ ಅಂತ ಹೇಳ್ಲಿಕ್ಕಿಲ್ಲ. ಬಾಯಿಗೇ ಬರೂದಿಲ್ಲ.’

‘ಹೇಳ್ಬೇಡ. ಇಂಗ್ಲಿಷಿನವರೂ ಹೋಗೋದು ಬಿಟ್ಟು ಬರೋದಷ್ಟೇ ಹೇಳ್ತಾರೆ. ಐ ವಿಲ್ ಬಿ ರೈಟ್ ಬ್ಯಾಕ್.’

ಪರೀಕ್ಷೆಯ ದಿನ ಮ್ಯಾನೇಜರ್ ಬೇರೆ ಕೋಣೆಯಿಂದ ಗ್ರಾಹಕರಂತೆ ಫೋನ್ ಮಾಡಿದರು. ಎಷ್ಟು ವರ್ಷದಿಂದ ಇಲ್ಲಿದ್ದೀರಿ ಎಂದದ್ದಕ್ಕೆ ಉತ್ತರ ಸರಾಗ ಬಂತು. ಆಮೇಲೆ ಒಂದು ಪಾರ್ಸೆಲ್ಲಿನ ಕಾಗದ ಕೇಳಿದರು. ಅದು ಕಪಾಟಿನಲ್ಲಿತ್ತು. ‘ಐ ವಿಲ್...’ ಎಂದು ತಡೆದೆ. ನಾಲಗೆಯ ತುದಿಯಲ್ಲಿ ‘ಗೋ’ ಕೂತಿತ್ತು. ಮರಾಠಿ ಹೆಂಗಸು ಆಗಲೇ ಸೆರಗು ಬಾಯಿಗೆ ಅಡ್ಡ ಹಿಡಿದಿದ್ದಳು.

‘...ಬಿ ರೈಟ್ ಬ್ಯಾಕ್, ಸರ್.’

ಎಲ್ಲಿಗೆ ಎಂದು ಅವರು ಕೇಳಲಿಲ್ಲ. ‘ಶೂರ್’ ಎಂದರು.

ಶನಿವಾರ ಆ ಮೇಜು ನನಗೆ ಎಂದು ತಿಳಿಸಿದರು. ಸೋಮವಾರ ಠಾಣೆಯಲ್ಲಿಳಿದು ಟೀಚರ್‌ಗೆ ಸುದ್ದಿ ಹೇಳಿದೆ. ಸ್ಟೇಷನ್ನಿನ ಸೇತುವೆಯ ಮೇಲೆ ಅವರ ದಾರಿ ಬೇರೆ, ನನ್ನದು ಬೇರೆ.

‘ಹೋಗಿ ಬರ್ತೇನೆ ಟೀಚರ್.’

‘ಹೋಗ್ಬಾಮ್ಮ’ ಎಂದರು.